ಕಾಣಿಕೆಗೆ ಮೊದಲು

ಆಟಿ ತಿಂಗಳ ಭಾನುವಾರ. ಬೆಳಿಗ್ಗೆ ಎಂಟು ದಾಟಿದರೂ ಬೆಳಕು ಸರಿಯಾಗಿ ಬಿದ್ದಿಲ್ಲ. ಮಂಗಳೂರಿನಿಂದ ಉಡುಪಿಯ ಕಡೆಗೆ ಹೋಗುವ ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಿ, ಕೆಂಪು ನೀರು ಹರಿಯುವ ಗುಡ್ಡದ ದಾರಿ ಹತ್ತಿ, ನೀವು ಈ ಚರ್ಚಿನ ಜಗಲಿಗೆ ಬಂದು ಮುಟ್ಟಿದ್ದೀರಿ. ಕೊಡೆ ಮಡಚಿ ಗೋಡೆಗೆ ಒರಗಿಸಿ. ಅಲ್ಲಿ ಆಗಲೇ ಸಾಲಾಗಿ ನಿಂತ ಕೊಡೆಗಳಿಂದ ಇಳಿದ ನೀರು ಮೆಟ್ಟಿಲ ತನಕ ಹರಿದಿದೆ. ಒಳಗೆ ಕಾಲಿಟ್ಟ ಕೂಡಲೇ ಒದ್ದೆ ಬಟ್ಟೆ, ಹಳೆಯ ಮರ, ಮಲ್ಲಿಗೆ ಎಲ್ಲ ಕೂಡಿದ ಒಂದು ವಾಸನೆ. ಮೇಲೆ ಹಂಚಿನ ಮಾಡು. ಮಳೆ ಜೋರಾದಾಗ ಪಕ್ಕದವರ ಮಾತೂ ಕೇಳಿಸುವುದಿಲ್ಲ.

ನಡುವಿನ ಬೆಂಚಿನಲ್ಲಿ ಒಬ್ಬರು ಸರಿದು ನಿಮಗೆ ಜಾಗ ಮಾಡಿಕೊಡುತ್ತಾರೆ. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ ಕೂರುವ ಹಳೆಯ ಕ್ರಮ ಇಲ್ಲಿ ಅರ್ಧ ಉಳಿದಿದೆ. ಹಿರಿಯರು ಅದನ್ನು ಬಿಟ್ಟಿಲ್ಲ, ಮಕ್ಕಳಿರುವ ಮನೆಯವರು ಒಟ್ಟಿಗೇ ಕೂರುತ್ತಾರೆ. ಬಾಸೆಲ್ ಮಿಶನಿನ ಕಾಲದ ಸಭೆ ಇದು. ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರಲ್ಲಿ ಮಂಗಳೂರಿಗೆ ಬಂದಿಳಿದ ಮೇಲೆ ಕರಾವಳಿಯುದ್ದಕ್ಕೂ ಹುಟ್ಟಿದ ಸಭೆಗಳ ಕುಟುಂಬಕ್ಕೆ ಸೇರಿದ್ದು. ಇಲ್ಲಿನ ಎಷ್ಟೋ ಮನೆಗಳ ಅಜ್ಜಂದಿರು ಮಿಶನಿನ ಹಂಚಿನ ಕಾರ್ಖಾನೆಯಲ್ಲೋ ನೇಯ್ಗೆಯ ಶೆಡ್ಡಿನಲ್ಲೋ ದುಡಿದವರು.

ಎದುರಿನಿಂದ ಎರಡನೇ ಬೆಂಚಿನಲ್ಲಿ ಬಿಳಿ ಶರ್ಟಿನ, ನೆಟ್ಟಗೆ ಕೂತ ಆ ಹಿರಿಯರನ್ನು ಗಮನಿಸಿ. ನಿವೃತ್ತ ಮಾಸ್ಟ್ರು. ಈಗ ತಲೆ ತಿರುಗಿಸಿ ಹಿಂದೆ, ಬಾಗಿಲ ಪಕ್ಕದ ಕೊನೆಯ ಬೆಂಚನ್ನು ನೋಡಿ. ಅಲ್ಲಿ ಕೂತವರು ಅವರ ತಮ್ಮ, ಗಲ್ಫಿನಲ್ಲಿ ವರ್ಷಗಟ್ಟಲೆ ದುಡಿದು ಊರಿಗೆ ಮರಳಿದವರು. ಇಬ್ಬರ ಮನೆಯೂ ಒಂದೇ ಗುಡ್ಡದ ಇಳಿಜಾರಿನಲ್ಲಿ, ಒಂದೇ ಬಾವಿಯ ಆಚೆ ಈಚೆ. ಕಳೆದ ಬೇಸಿಗೆಯಲ್ಲಿ ಅಣ್ಣ ಕೆಂಪುಕಲ್ಲಿನ ಕಂಪೌಂಡ್ ಎಬ್ಬಿಸಿದರು. ಗೋಡೆ ತನ್ನ ಜಾಗದೊಳಗೆ ಬಂದಿದೆ ಎಂದು ತಮ್ಮನ ದೂರು, ಪಾಲುಪಟ್ಟಿಯಲ್ಲಿ ಇದ್ದ ಹಾಗೇ ಕಟ್ಟಿದ್ದೇನೆ ಎಂದು ಅಣ್ಣನ ಉತ್ತರ. ತಮ್ಮ ತಾಲೂಕು ಆಫೀಸಿಗೆ ಹೋಗಿ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಬಂದ ದಿನದಿಂದ ಮಾತು ನಿಂತಿದೆ. ಹಾಸಿಗೆ ಹಿಡಿದ ತಾಯಿ ಇರುವುದು ಅಣ್ಣನ ಮನೆಯಲ್ಲಿ. ತಮ್ಮ ಆ ಗೇಟು ದಾಟದೆ ತಿಂಗಳುಗಳಾದವು. ಗೇಟಿಗೆ ಬೀಗವೂ ಬಿದ್ದಿದೆ.

ಊರಿನವರಿಗೆ ಇದೆಲ್ಲ ಗೊತ್ತು. ಈ ಬೆಂಚುಗಳಲ್ಲಿ ಕೂತ ಪ್ರತಿಯೊಬ್ಬರಿಗೂ ಗೊತ್ತು. ಹಾಗಿದ್ದೂ ಇಬ್ಬರೂ ವಾರ ತಪ್ಪದೆ ಇಲ್ಲಿಗೆ ಬರುತ್ತಾರೆ. ಇದನ್ನು ಕಪಟ ಎಂದು ಕರೆಯುವವರಿದ್ದಾರೆ. ನನಗೆ ಹಾಗೆ ಅನ್ನಿಸಿಲ್ಲ. ಮುರಿದದ್ದನ್ನು ಇಟ್ಟುಕೊಂಡು ಬರಲಾಗದಿದ್ದರೆ ಚರ್ಚಿಗೆ ಬರುವವರು ಯಾರೂ ಉಳಿಯುವುದಿಲ್ಲ.

ಹಾರ್ಮೋನಿಯಂ ಎದ್ದಿತು. ಎಲ್ಲರೂ ನಿಂತಿದ್ದಾರೆ, ನೀವೂ ನಿಲ್ಲಿ. ಮೆರವಣಿಗೆಯ ಮುಂದೆ ಸತ್ಯವೇದವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ತರುತ್ತಾರೆ. ಹಿಂದೆ ಸಭಾಪಾಲಕಿ, ಬಿಳಿ ಸೀರೆಯ ಮೇಲೆ ಸ್ಟೋಲ್ ಹಾಕಿಕೊಂಡವರು. ಈ ಚರ್ಚು ಈಗ ಸೇರಿರುವ ದಕ್ಷಿಣ ಭಾರತ ಸಭೆಯಲ್ಲಿ ಹೆಂಗಸರಿಗೆ ದೀಕ್ಷೆ ಕೊಡಲು ಶುರುವಾದದ್ದು 1976ರಲ್ಲಿ. ಈ ಹಳ್ಳಿಯ ಮಕ್ಕಳಿಗೆ ಮೇಜಿನ ಹಿಂದೆ ಹೆಂಗಸೊಬ್ಬರು ನಿಂತು ರೊಟ್ಟಿ ಮುರಿಯುವುದು ಈಗ ಹೊಸದಲ್ಲ.

ಹಾಡು ಮುಗಿದು ಎಲ್ಲರೂ ಮೊಣಕಾಲೂರುತ್ತಾರೆ. ಪಾಪಗಳ ಅರಿಕೆ. ನೂರಾರು ದನಿಗಳು ಒಟ್ಟಾಗಿ, ತುಸು ಹಿಂದೆ ಮುಂದೆ ಆಗುತ್ತ, ಒಂದೇ ಪ್ರಾರ್ಥನೆಯನ್ನು ಹೇಳುತ್ತಿವೆ. ಎಲ್ಲರ ಬಾಯಲ್ಲೂ "ನಾವು". ಮಾಸ್ಟ್ರ ಬೆನ್ನು ನಿಮಗೆ ಕಾಣುತ್ತಿದೆ. ಹಿಂದಿನಿಂದ ತಮ್ಮನ ದಪ್ಪ ದನಿ ಕೇಳುತ್ತಿದೆ. ಆಮೇಲೆ ಒಂದು ಮೌನ. ಆ ಮೌನದಲ್ಲಿ ಮಳೆ ಎಷ್ಟು ಜೋರಾಗಿದೆ ಎಂದು ಗೊತ್ತಾಗುತ್ತದೆ. ಸಭಾಪಾಲಕಿ ಎದ್ದು ನಿಂತು, ದೇವರ ಕಡೆಗೆ ತಿರುಗಿಕೊಳ್ಳುವವರಿಗೆ ಆತನ ಕೃಪೆಯ ಮಾತನ್ನು ಕೇಳಿಸುತ್ತಾರೆ. ಬಳಿಕ ಕ್ಷಮೆಯನ್ನು ಸಾರುತ್ತಾರೆ.

ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಇವತ್ತಿನ ಆರಾಧನೆಯಲ್ಲಿ ಇನ್ನೂ ಯಾರೂ ಯಾರ ಜೊತೆಗೂ ರಾಜಿಯಾಗಿಲ್ಲ. ಗೋಡೆ ನಿಂತಲ್ಲೇ ನಿಂತಿದೆ, ಅರ್ಜಿ ಆಫೀಸಿನ ಕಡತದಲ್ಲಿದೆ. ಆದರೂ ಕ್ಷಮೆಯ ಮಾತು ಬಂದಾಯಿತು. ಮೊದಲು ನೀನು ಸರಿಯಾಗು, ಆಮೇಲೆ ನೋಡೋಣ ಎಂದು ದೇವರು ಕಾಯಲಿಲ್ಲ. ಕ್ರೈಸ್ತರ ಬದುಕಿನಲ್ಲಿ ಮಿಕ್ಕದ್ದೆಲ್ಲ ಇದರ ನಂತರದ್ದು, ಇದರಿಂದ ಹೊರಟದ್ದು. ಈ ಮೊದಲ ಹೆಜ್ಜೆಯನ್ನು ದಾಟಿ ನೇರ ಎರಡನೆಯದಕ್ಕೆ ಹಾರಿದಾಗಲೇ ನಮ್ಮ ಮನೆಗಳಲ್ಲಿ ಶಾಂತಿ ಒಂದು ಹೊರೆಯಾಗುತ್ತದೆ. ಹಲ್ಲು ಕಚ್ಚಿ ಸಹಿಸಿಕೊಳ್ಳುವ ಕೆಲಸವಾಗುತ್ತದೆ.

ಓದುವಿಕೆಗೆ ಇವತ್ತು ಫಿಲೆಮೋನನಿಗೆ ಬರೆದ ಪತ್ರ. ಪೌಲನ ಪತ್ರಗಳಲ್ಲೆಲ್ಲ ಚಿಕ್ಕದು, ಬರೀ 25 ವಚನ. ಯುವಜನ ಕೂಟದ ಹುಡುಗಿಯೊಬ್ಬಳು ಪೂರ್ತಿ ಓದಿ ಮುಗಿಸುತ್ತಾಳೆ. ತನ್ನ ಎಲ್ಲ ಪತ್ರಗಳ ಹಾಗೆ ಇದನ್ನೂ ಪೌಲ ಕೃಪೆ, ಶಾಂತಿಗಳನ್ನು ಹಾರೈಸಿಯೇ ಶುರುಮಾಡುತ್ತಾನೆ. ಆ ಹಾರೈಕೆ ಫಿಲೆಮೋನ ಒಬ್ಬನಿಗೇ ಅಲ್ಲ, ಅವನ ಮನೆಯಲ್ಲಿ ಕೂಡುವ ಸಭೆಗೂ ಸೇರಿದ್ದು.

"ಪತ್ರವನ್ನು ಎಲ್ಲರೆದುರು ಓದಿರಬೇಕು," ಎಂದು ಸಭಾಪಾಲಕಿ ಪ್ರಸಂಗ ಆರಂಭಿಸುತ್ತಾರೆ. "ಮನೆ ಬಿಟ್ಟು ಹೋಗಿದ್ದ ದಾಸ ಒನೇಸಿಮ ಬಾಗಿಲಲ್ಲಿ ನಿಂತಿದ್ದಾನೆ. ಯಜಮಾನ ಒಳಗೆ ಕೂತಿದ್ದಾನೆ. ಅಕ್ಕಪಕ್ಕದವರೆಲ್ಲ ನೋಡ್ತಾ ಇದ್ದಾರೆ. ಯಜಮಾನನ ಮುಖ ಹೇಗಿದ್ದೀತು, ಯೋಚಿಸಿ."

ಬೆಂಚುಗಳಲ್ಲಿ ಯಾರೂ ಅಲುಗುವುದಿಲ್ಲ. ಅವರು ಮುಂದುವರಿಸುತ್ತಾರೆ. ಅವನನ್ನು ದಾಸನಾಗಿ ಅಲ್ಲ, ಪ್ರಿಯ ಸಹೋದರನಾಗಿ ಸೇರಿಸಿಕೋ ಎಂದು ಪೌಲ ಕೇಳಿಕೊಳ್ಳುತ್ತಾನೆ. ನಷ್ಟ ಏನಾದರೂ ಆಗಿದ್ದರೆ, ಸಾಲ ಏನಾದರೂ ಇದ್ದರೆ, ತನ್ನ ಹೆಸರಿಗೆ ಹಾಕಿಕೊಳ್ಳಲು ಹೇಳುತ್ತಾನೆ, ತೀರಿಸುವ ಮಾತನ್ನು ತನ್ನ ಕೈಯಾರೆ ಬರೆಯುತ್ತಾನೆ. ಬರೆದ ಮನುಷ್ಯ ಇರುವುದು ಸೆರೆಯಲ್ಲಿ. "ಲೆಕ್ಕ ಇಲ್ಲ ಅಂತ ಪೌಲ ಹೇಳುವುದಿಲ್ಲ. ಲೆಕ್ಕ ಉಂಟು. ಅದನ್ನು ಹೊತ್ತುಕೊಳ್ಳಲಿಕ್ಕೆ ಒಬ್ಬ ಮುಂದೆ ಬಂದಿದ್ದಾನೆ. ಕೃಪೆ ಅಂದರೆ ಅಷ್ಟು ಖರ್ಚಿನ ವಿಷಯ."

ಹೆಚ್ಚು ಹೊತ್ತು ಮಾತಾಡುವುದಿಲ್ಲ ಅವರು. ವಿಶ್ವಾಸ ಪ್ರಮಾಣ, ಕಾಯಿಲೆಯವರಿಗಾಗಿ, ಬೆಳೆಗಾಗಿ, ಕಡಲಿಗೆ ಹೋದವರಿಗಾಗಿ, ದೇಶವನ್ನಾಳುವವರಿಗಾಗಿ ಪ್ರಾರ್ಥನೆ. ಈಗ ಪವಿತ್ರ ಭೋಜನದ ಭಾಗ. ಸಭಾಪಾಲಕಿ ಮೇಜಿನ ಹಿಂದೆ, ಜನರಿಗೆ ಮುಖ ಮಾಡಿ ನಿಂತಿದ್ದಾರೆ. ರೊಟ್ಟಿ, ದ್ರಾಕ್ಷಾರಸ, ಕಾಣಿಕೆ ಇನ್ನೂ ಬಂದಿಲ್ಲ. ಅದಕ್ಕೆ ಮುಂಚೆ ಒಂದು ಕೆಲಸವಿದೆ.

ಅವರು ಪಕ್ಕದಲ್ಲಿರುವ ಸಭಾ ಹಿರಿಯರ ಕಡೆಗೆ ತಿರುಗಿ ಬಲಗೈ ಚಾಚುತ್ತಾರೆ. ಅಂಗೈಗೆ ಅಂಗೈ ತಾಗುತ್ತದೆ. ಒಬ್ಬರ ಎಡಗೈ ಇನ್ನೊಬ್ಬರ ಬಲಗೈಯನ್ನು ಹೊರಗಿನಿಂದ ಮುಚ್ಚುತ್ತದೆ. ನಾಲ್ಕು ಕೈಗಳ ಒಂದು ಚಿಕ್ಕ ಕಟ್ಟು. ಮೆಲುದನಿಯಲ್ಲಿ ದೇವರ ಶಾಂತಿಯ ಒಂದು ಹಾರೈಕೆ, ಅಷ್ಟೇ. ಆ ಹಿರಿಯರು ಇಳಿದು ಬಂದು ಮೊದಲ ಬೆಂಚಿಗೆ ಅದನ್ನು ಕೊಡುತ್ತಾರೆ. ಅಲ್ಲಿಂದ ಅದು ಹಿಂದಕ್ಕೆ, ಬೆಂಚಿನಿಂದ ಬೆಂಚಿಗೆ, ಕೈಯಿಂದ ಕೈಗೆ ಹೊರಡುತ್ತದೆ.

ಈ ಪದ್ಧತಿ ಇಲ್ಲಿಗೆ ಬಂದದ್ದು ಕೇರಳದ ಸಿರಿಯನ್ ಕ್ರೈಸ್ತರಿಂದ. 1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದ ಆರೇ ವಾರಕ್ಕೆ, ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಹಿನ್ನೆಲೆಯವರು ಒಂದಾಗಿ ದಕ್ಷಿಣ ಭಾರತ ಸಭೆಯಾದರು. ಬೇರೆ ಬೇರೆ ರೀತಿಯಲ್ಲಿ ಪ್ರಾರ್ಥಿಸಿ ರೂಢಿಯಾದವರು ಒಂದೇ ಮೇಜಿಗೆ ಬರಬೇಕಿತ್ತು. ಅವರಿಗಾಗಿ 1950ರಲ್ಲಿ ಸಿದ್ಧವಾದ ಆರಾಧನಾ ಕ್ರಮದಲ್ಲಿ ಈ ಕೈಹಿಡಿತವನ್ನು ಸೇರಿಸಿದರು. ಆ ಕೆಲಸದ ಮುಂಚೂಣಿಯಲ್ಲಿದ್ದ ಲೆಸ್ಲಿ ಬ್ರೌನ್ ತಿರುವನಂತಪುರದಲ್ಲಿ ದೇವಶಾಸ್ತ್ರ ಕಲಿಸುತ್ತಿದ್ದವರು, ಸಿರಿಯನ್ ಆರಾಧನೆಯನ್ನು ಹತ್ತಿರದಿಂದ ಬಲ್ಲವರು. ಪಶ್ಚಿಮದ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಜನಸಾಮಾನ್ಯರ ನಡುವೆ ಶಾಂತಿಯ ಗುರುತು ಶತಮಾನಗಳಿಂದ ಇಲ್ಲವಾಗಿತ್ತು. ದಕ್ಷಿಣ ಭಾರತದ ಈ ಕ್ರಮವನ್ನು ನೋಡಿ ಅನೇಕ ದೇಶಗಳ ಸಭೆಗಳು ಅದನ್ನು ಮತ್ತೆ ತಂದುಕೊಂಡವು. ಅಷ್ಟು ದೂರ ಹೋದ ಪದ್ಧತಿಯ ಒಂದು ತವರು ಇಂಥ ಹಂಚಿನ ಮಾಡಿನ ಕೆಳಗೆ ಇದೆ ಎಂದು ನೆನೆದಾಗ ನನಗೆ ಹೆಮ್ಮೆಯಾಗುತ್ತದೆ.

ಅದನ್ನು ಕಾಣಿಕೆಗೆ ಮೊದಲು ಇಟ್ಟದ್ದು ಆಕಸ್ಮಿಕವಲ್ಲ. ಬಲಿಪೀಠದ ಹತ್ತಿರ ಬಂದಾಗ ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದೆಯೆಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಅವನೊಂದಿಗೆ ಒಂದಾಗು ಎಂಬುದು ಯೇಸು ಬೆಟ್ಟದ ಮೇಲೆ ಕಲಿಸಿದ ಮಾತು, ಮತ್ತಾಯನ ಐದನೇ ಅಧ್ಯಾಯದಲ್ಲಿದೆ. ಗಮನಿಸಿ, ನಿನಗೆ ಅವನ ಮೇಲೆ ಕೋಪವಿದ್ದರೆ ಎಂದು ಅಲ್ಲಿಲ್ಲ. ಅವನಿಗೆ ನಿನ್ನ ಮೇಲೆ ಇದ್ದರೆ ಎಂದಿದೆ.

ಈಗ ಮಾಸ್ಟ್ರ ಸರದಿ. ಮುಂದಿನವರಿಂದ ತೆಗೆದುಕೊಂಡು ಹಿಂದಕ್ಕೆ ತಿರುಗಿದ್ದಾರೆ. ಒಂದು ಕ್ಷಣ ಅವರ ಕಣ್ಣು ಕೊನೆಯ ಬೆಂಚಿನ ತನಕ ಹೋಗಿ ಹಿಂದೆ ಬರುತ್ತದೆ. ನಡುವೆ ಇಷ್ಟೊಂದು ಬೆಂಚು. ಅವರು ಹಿಂದಿನವರ ಕೈ ಹಿಡಿಯುತ್ತಾರೆ. ಹಿಂದಿನವರು ಇನ್ನೂ ಹಿಂದಿನವರಿಗೆ. ಈಗ ನಿಮ್ಮ ಮುಂದಿನ ಬೆಂಚಿನ ಮೀನು ವ್ಯಾಪಾರದವರು ತಿರುಗಿ ನಿಮ್ಮ ಕೈ ಹಿಡಿದಿದ್ದಾರೆ. ದೊರಗು ಅಂಗೈ, ಬಿಸಿಯಾಗಿದೆ. ನೀವು ಅತಿಥಿ, ಈ ಜಗಳಕ್ಕೂ ನಿಮಗೂ ಸಂಬಂಧವಿಲ್ಲ. ಆದರೂ ಅಣ್ಣನ ಕೈಯಿಂದ ಹೊರಟದ್ದು ಈಗ ನಿಮ್ಮ ಕೈಯಲ್ಲಿದೆ. ಇಟ್ಟುಕೊಳ್ಳುವಂತಿಲ್ಲ. ಹಿಂದಕ್ಕೆ ತಿರುಗಿ ಕೊಡಿ.

ಹಾಗೆ ಅದು ಕೊನೆಯ ಬೆಂಚಿಗೆ ಮುಟ್ಟುತ್ತದೆ. ತಮ್ಮ ತಲೆ ತಗ್ಗಿಸಿಯೇ ತೆಗೆದುಕೊಳ್ಳುತ್ತಾರೆ. ಅವರ ಹಿಂದೆ ಕೊಡಲು ಯಾರೂ ಇಲ್ಲ. ಅಣ್ಣ ತಮ್ಮ ಒಬ್ಬರನ್ನೊಬ್ಬರು ಮುಟ್ಟಲಿಲ್ಲ. ಅಷ್ಟೇ ಆದದ್ದು. ಆದರೆ ಆ ಕಡೆ ಹೆಂಗಸರ ಬೆಂಚಿನಲ್ಲಿ ನೋಡಿ. ಅವರಿಬ್ಬರ ಹೆಂಡಿರು, ಓರಗಿತ್ತಿಯರು, ಅಕ್ಕಪಕ್ಕದಲ್ಲಿ ಕೂತಿದ್ದಾರೆ. ಅವರ ಕೈಗಳು ಸೇರಿ ಬಹಳ ಹೊತ್ತಾಯಿತು, ಇನ್ನೂ ಬಿಟ್ಟಿಲ್ಲ. ಕಾಣಿಕೆಯ ಹಾಡು ಶುರುವಾಗಿದೆ.

ಸೋಮವಾರ ಬೆಳಿಗ್ಗೆ ಆರಕ್ಕೆ ನೀವು ಮಾಸ್ಟ್ರ ಮನೆಯ ಅಡುಗೆಕೋಣೆಯಲ್ಲಿದ್ದೀರಿ. ಒಲೆಯ ಮೇಲೆ ಕುಚ್ಚಲಕ್ಕಿ ಗಂಜಿ ಕುದಿಯುತ್ತಿದೆ. ಬಚ್ಚಲ ಹಂಡೆಯಲ್ಲಿ ನೀರು ಕಾದಿದೆ. ಹಿಂದಿನ ಬಾಗಿಲು ಸರಕ್ಕನೆ ತೆರೆದು ತಮ್ಮನ ಹೆಂಡತಿ ಒಳಗೆ ಬರುತ್ತಾರೆ. ಸೀರೆಯ ಅಂಚು ಒದ್ದೆ, ಕಾಲಿಗೆಲ್ಲ ಕೆಸರು. ಗೇಟಿಗೆ ಬೀಗ ಬಿದ್ದ ಮೇಲೆ ಬಾವಿಕಟ್ಟೆಯ ಹಿಂದೆ, ಗೋಡೆ ಮುಗಿಯುವ ಕಡೆ, ತೆಂಗಿನ ಬುಡ ಬಳಸಿ ಬರುವ ಒಂದು ದಾರಿಯನ್ನು ಅವರೇ ಮಾಡಿಕೊಂಡರು. ಜಗಳದ ಮೊದಲ ದಿನದಿಂದ ಇವತ್ತಿನ ತನಕ ಒಂದು ಬೆಳಗೂ ತಪ್ಪಿಸಿಲ್ಲ.

"ಅಕ್ಕ, ನೀವು ಸರಿಯಿರಿ, ನಿಮ್ಮ ಮೊಣಕಾಲು ಬಗ್ಗುದಿಲ್ಲ," ಎನ್ನುತ್ತ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ.

ಒಳಕೋಣೆಯಲ್ಲಿ ಅತ್ತೆ. ಒಂದು ಮಗ್ಗುಲಿಗೆ ಹೊರಳಿಸಿ ಹಾಸಿಗೆಯ ಬಟ್ಟೆ ಅರ್ಧ ಸುತ್ತಿ, ಇನ್ನೊಂದು ಮಗ್ಗುಲಿಗೆ ಹೊರಳಿಸಿ ಪೂರ್ತಿ ಎಳೆದು ತೆಗೆಯುತ್ತಾರೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕುತ್ತಿಗೆ, ಕಂಕುಳು, ಬೆನ್ನು. ಸೊಂಟದ ಹತ್ತಿರ ಚರ್ಮ ಕೆಂಪಾಗಿದೆಯೇ ಎಂದು ಬೆರಳಿಟ್ಟು ನೋಡುತ್ತಾರೆ, ಹುಣ್ಣಾದರೆ ಈ ವಯಸ್ಸಿನಲ್ಲಿ ಮಾಯುವುದಿಲ್ಲ. ಒರೆಸಿ, ಪೌಡರ್ ಹಾಕಿ, ತಲೆ ಬಾಚಿ, ತುಂಬ ತೆಳ್ಳಗಾದ ಬಿಳಿ ಕೂದಲನ್ನು ಜಡೆ ಹೆಣೆಯುತ್ತಾರೆ. ಅತ್ತೆಗೆ ಈಗ ಮಾತು ಕಡಿಮೆ. ಸೊಸೆಯ ಮಣಿಕಟ್ಟನ್ನು ಮಾತ್ರ ಹಿಡಿದುಕೊಂಡಿದ್ದಾರೆ.

ಗಂಜಿ ಕುಡಿಸಿ ಆದ ಮೇಲೆ ಹಿರಿಯ ಸೊಸೆ ಮಂಚದ ಕಾಲಬಳಿ ಕುರ್ಚಿ ಎಳೆದು ಸತ್ಯವೇದ ತೆಗೆದು ಒಂದು ಕೀರ್ತನೆ ಓದುತ್ತಾರೆ. ಮೂವರದ್ದೂ ಕಣ್ಣುಮುಚ್ಚಿ ಒಂದು ಚಿಕ್ಕ ಪ್ರಾರ್ಥನೆ. ಜಗಲಿಯಲ್ಲಿ ಮಾಸ್ಟ್ರು ಪೇಪರ್ ಹಿಡಿದು ಕೂತಿದ್ದಾರೆ. ಪುಟ ಮಗುಚುವ ಸದ್ದಿಲ್ಲ. ತಮ್ಮನ ಹೆಂಡತಿ ಹಿಂಬಾಗಿಲಿನಿಂದ ಬರುವುದು ಅವರಿಗೆ ಗೊತ್ತು. ಅವರಿಗೆ ಗೊತ್ತಿರುವುದು ಇವರಿಗೂ ಗೊತ್ತು. ಯಾರೂ ಬಾಯಿ ಬಿಟ್ಟಿಲ್ಲ.

ನನ್ನ ಮಟ್ಟಿಗೆ ನಿನ್ನೆಯ ಪ್ರಸಂಗದ ಮಿಕ್ಕ ಭಾಗ ಈ ಕೋಣೆಯಲ್ಲಿದೆ. ಗಂಡನಿಗೆ ಅನ್ಯಾಯವಾಗಿದೆ ಎಂದು ಈ ಹೆಂಗಸು ನಂಬಿದ್ದಾರೆ. ಕೇಳಿ ನೋಡಿ, ನೇರವಾಗಿ ಹೇಳುತ್ತಾರೆ: "ಗೋಡೆ ನಮ್ಮ ಜಾಗಕ್ಕೆ ಬಂದದ್ದು ಹೌದು. ಅದಕ್ಕೆ ಅತ್ತೆ ಎಂತ ಮಾಡಿದ್ದಾರೆ?" ದೂರು ಒಂದು ಕಡೆ ಇರಲಿ, ಬೆನ್ನು ಒರೆಸುವ ಕೆಲಸ ಬೆಳಿಗ್ಗೆ ಆಗಬೇಕು. ಕೃಪೆ ಇಷ್ಟು ಸರಳವಾಗಿ ಕೆಲಸಕ್ಕೆ ನಿಂತದ್ದನ್ನು ನೋಡಿದಾಗ ಅದರ ಬಗ್ಗೆ ಬರೆದ ದಪ್ಪ ಪುಸ್ತಕಗಳೂ ಇಂಥವರ ಹಿಂದೆ ನಡೆದು ಬರುತ್ತಿವೆ ಅನ್ನಿಸುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಶಾಂತಿಯ ಹೆಸರಿನಲ್ಲಿ ನಮ್ಮ ಸಭೆಗಳಲ್ಲಿ ಎಷ್ಟೋ ಹೆಂಗಸರ ಬಾಯಿ ಮುಚ್ಚಿಸಿದ್ದೇವೆ. ಇದೇ ಊರಲ್ಲಿ, ಗುಡ್ಡದ ಆ ಬದಿಯ ಒಂದು ಮನೆಯಲ್ಲಿ, ಗಂಡನ ಹೊಡೆತ ತಿಂದು ಬಂದವಳಿಗೆ ಸಹಿಸಿಕೋ, ಪ್ರಾರ್ಥನೆ ಮಾಡು, ಮನೆಗೆ ಹೋಗು ಎಂದು ಉಪದೇಶ ಮಾಡಿದವರಿದ್ದರು. ಈ ಸಭಾಪಾಲಕಿ ಹಾಗೆ ಹೇಳಲಿಲ್ಲ. ಅವಳನ್ನು ತನ್ನ ಮನೆಯಲ್ಲಿ ಉಳಿಸಿಕೊಂಡು, ಮರುದಿನ ಪೊಲೀಸ್ ಠಾಣೆಗೆ ಜೊತೆಗೆ ಹೋದರು. ಆಮೇಲೆ ಅಕ್ಕನ ಊರಿಗೆ ಬಸ್ಸು ಹತ್ತಿಸಿದರು. ಗಾಯಕ್ಕೆ ಮೇಲೆಮೇಲೆ ಮದ್ದು ಸವರಿ ಶಾಂತಿ, ಶಾಂತಿ ಎನ್ನುವವರನ್ನು ಪ್ರವಾದಿ ಯೆರೆಮೀಯ ಗದರಿಸಿದ್ದು ಇದಕ್ಕೇ. ಹೊಡೆತ ನಿಲ್ಲದ ಕಡೆ ಶಾಂತಿಯಿಲ್ಲ. ಕ್ಷಮಿಸುವುದು ಒಂದು, ಹೊಡೆಯುವ ಕೈಯೆದುರು ಮತ್ತೆ ನಿಲ್ಲುವುದು ಬೇರೆಯೇ ಒಂದು.

ಅಣ್ಣ ತಮ್ಮಂದಿರ ವಿಷಯದಲ್ಲೂ ಸಭಾಪಾಲಕಿ ಅರ್ಜಿ ವಾಪಸು ತೆಗೆದುಕೊಳ್ಳಿ ಎಂದು ತಮ್ಮನಿಗೆ ಹೇಳಿಲ್ಲ. ಅಳತೆ ಆಗಲಿ, ಅದರಲ್ಲಿ ತಪ್ಪೇನಿಲ್ಲ ಎಂದೇ ಹೇಳಿದ್ದಾರೆ.

ಬುಧವಾರ ಸಂಜೆ ಮನೆಕೂಟ. ಸರದಿಯಂತೆ ಈ ಸಲ ತಮ್ಮನ ಮನೆಯಲ್ಲಿ. ಚಾವಡಿಯಲ್ಲಿ ಚಾಪೆ, ಪ್ಲಾಸ್ಟಿಕ್ ಕುರ್ಚಿ, ಹೊರಗೆ ಚಪ್ಪಲಿಗಳ ರಾಶಿ. ಒಳಗಿನಿಂದ ಪತ್ರೊಡೆ ಬೇಯುವ ಪರಿಮಳ ಬರುತ್ತಿದೆ. ಎರಡು ಹಾಡು, ಒಂದು ಓದು. ಪ್ರಾರ್ಥನೆಯ ವಿಷಯಗಳನ್ನು ಕೇಳುತ್ತಾರೆ. ಒಬ್ಬರ ಮಗನಿಗೆ ಕೆಲಸ, ಇನ್ನೊಬ್ಬರಿಗೆ ಡಯಾಲಿಸಿಸ್, ಪಕ್ಕದ ಮನೆಯ ಶೆಟ್ರ ಮಗಳ ಹೆರಿಗೆ. ಶೆಟ್ರ ಹೆಂಡತಿಯೇ ಬಂದು ಬಾಗಿಲ ಬಳಿ ಕೂತಿದ್ದಾರೆ, ಅವರಿಗೂ ಒಂದು ಕುರ್ಚಿ ಸರಿಸಿಕೊಟ್ಟಾಗಿದೆ.

ಎರಡನೇ ಹಾಡಿನ ನಡುವೆ ಮಾಸ್ಟ್ರು ಬಂದರು. ಹಾಡು ಒಂದು ಗಳಿಗೆ ಎಡವಿ ಮತ್ತೆ ನಡೆಯಿತು. ಅವರು ಬಾಗಿಲ ಹತ್ತಿರದ ಚಾಪೆಯ ತುದಿಯಲ್ಲಿ ಕೂತರು. ತಮ್ಮ ತಲೆಯೆತ್ತಿ ನೋಡಿ, ಹಾಡಿನ ಪುಸ್ತಕಕ್ಕೆ ಕಣ್ಣು ಇಳಿಸಿದರು. ಮಗನನ್ನು ಸನ್ನೆಯಿಂದ ಕರೆದರು. ಹುಡುಗ ಒಳಗೆ ಹೋಗಿ ಒಂದು ಕುರ್ಚಿ ತಂದು, "ದೊಡ್ಡಪ್ಪ, ಮೇಲೆ ಕೂತ್ಕೊಳ್ಳಿ," ಎಂದ.

ಕೂಟ ಮುಗಿದು, ಪತ್ರೊಡೆ ತಿಂದು, ಚಾ ಕುಡಿದು ಜನ ಕೊಡೆ ಬಿಡಿಸಿಕೊಂಡು ಹೊರಟಿದ್ದಾರೆ. ನೀವು ಜಗಲಿಯಲ್ಲಿ ಚಪ್ಪಲಿ ಹುಡುಕುತ್ತಿದ್ದೀರಿ, ಆದ್ದರಿಂದ ಮುಂದಿನ ಮಾತು ನಿಮಗೆ ಕೇಳಿಸುತ್ತದೆ.

"ನಾಡಿದ್ದು ಸರ್ವೆಯರ್ ಬರ್ತಾರಂತೆ," ಎಂದರು ಮಾಸ್ಟ್ರು. ತಿಂಗಳುಗಳ ಮೇಲೆ ತಮ್ಮನಿಗೆ ಆಡಿದ ಮೊದಲ ಮಾತು.

"ಹೌದು. ನೋಟಿಸು ಬಂದಿದೆ."

"ಅಳೆಯಲಿ. ಗೆರೆ ಎಲ್ಲಿ ಬಿದ್ರೂ ನನ್ನದು ತಕರಾರಿಲ್ಲ. ಗೋಡೆ ನಿನ್ನ ಜಾಗದಲ್ಲಿದ್ರೆ ಕಲ್ಲು ತೆಗೆಸುವ ಖರ್ಚು ನನ್ನದು."

ತಮ್ಮ ಒಪ್ಪಿದೆ ಎನ್ನಲಿಲ್ಲ, ಕ್ಷಮಿಸಿದೆ ಎನ್ನಲಿಲ್ಲ. ಕಂಬಕ್ಕೆ ಒರಗಿ ಸ್ವಲ್ಪ ಹೊತ್ತು ನಿಂತರು. ಮಳೆ ಹನಿ ಹಿಡಿದಿತ್ತು.

"ಅಮ್ಮನ ಬಿಪಿ ಮಾತ್ರೆ ಮುಗಿದಿದೆಯಂತೆ," ಎಂದರು ಕೊನೆಗೆ. "ಚೀಟಿ ಕೊಡಿ ಅಣ್ಣ, ನಾಳೆ ನಾನು ಪೇಟೆಗೆ ಹೋಗುದುಂಟು."

ಮಾಸ್ಟ್ರು ಶರ್ಟಿನ ಕಿಸೆಯಲ್ಲಿ ತಡಕಾಡಿದರು. ಚೀಟಿ ಮನೆಯಲ್ಲಿತ್ತು. ಒಳಗಿನಿಂದ ತಮ್ಮನ ಹೆಂಡತಿ ಲೋಟಗಳ ತಟ್ಟೆ ಹಿಡಿದು ಹೊರಬಂದವರು ಇಬ್ಬರನ್ನೂ ನೋಡಿ ನಿಂತರು.

"ಭಾವ, ನಾಳೆಯಿಂದ ನಾನು ಗೇಟಿನಿಂದಲೇ ಬರುದು. ಆ ಹಿಂದಿನ ದಾರಿಯಲ್ಲಿ ಪಾಚಿ ಹಿಡಿದಿದೆ, ಕಾಲು ಜಾರ್ತದೆ."

"ಬೀಗ ಈಗಲೇ ತೆಗೆದಿಡ್ತೇನೆ," ಎಂದರು ಮಾಸ್ಟ್ರು. ಆಮೇಲೆ ತಮ್ಮನ ಕಡೆಗೆ ತಿರುಗಿ, "ಚೀಟಿಗೆ ನೀನೇ ಬಾ. ಅಮ್ಮ ಇನ್ನೂ ಎದ್ದಿರ್ತಾರೆ," ಎಂದರು.

ತಮ್ಮ ಒಳಗೆ ಹೋಗಿ ಟಾರ್ಚ್ ತಂದರು.